ಮಾಸಾಶನದ ಕಡತದಲ್ಲಿ ಮನೆಯ ಗುಟ್ಟು

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಚಂದಕವಾಡಿಯೂ ಒಂದು. ಸುತ್ತಲಿನ ಹಳ್ಳಿಗಳ ಮುದುಕರು, ವಿಧವೆಯರು, ಅಂಗವಿಕಲರು ಸರ್ಕಾರದ ಮಾಸಾಶನ ಪಡೆಯಬೇಕಾದರೆ ಅವರ ಅರ್ಜಿ ಹೋಬಳಿಯ ನಾಡಕಚೇರಿಯನ್ನು ದಾಟಿ ತಾಲ್ಲೂಕು ಕಚೇರಿಗೆ ಹೋಗಬೇಕು. ಅರ್ಜಿಯ ಜೊತೆ ಹೋಗುವ ಸಂಗತಿಗಳು ಅನೇಕ. ವಯಸ್ಸೆಷ್ಟು, ವರಮಾನವೆಷ್ಟು, ಜಮೀನು ಇದೆಯೇ, ಗಂಡ ತೀರಿಕೊಂಡದ್ದು ಯಾವಾಗ, ಮೈಯಲ್ಲಿ ಯಾವ ಊನವಿದೆ, ಗಂಡುಮಕ್ಕಳಿದ್ದರೆ ನೋಡಿಕೊಳ್ಳುತ್ತಾರೋ ಇಲ್ಲವೋ. ಇವುಗಳ ಮೇಲೆ ಆಧಾರ್ ಸಂಖ್ಯೆ, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. ನೆರೆಮನೆಯವರ ಮುಂದೆಯೂ ಬಾಯಿಬಿಡದ ವಿಷಯಗಳನ್ನು ಬಡ ಮುದುಕಿಯೊಬ್ಬಳು ತಿಂಗಳ ಕೆಲವು ನೂರು ರೂಪಾಯಿಗಳಿಗಾಗಿ ಸರ್ಕಾರಕ್ಕೆ ಹೇಳಬೇಕಾಗುತ್ತದೆ. ಹೀಗೆ ಹೇಳಿದ್ದನ್ನು ಯಾರು ನೋಡಬಹುದು, ಯಾರು ಕಾಯಬೇಕು, ತಪ್ಪಾಗಿ ಬರೆದುಕೊಂಡಿದ್ದರೆ ತಿದ್ದುವವರು ಯಾರು?

ಇದು ಕಂಪ್ಯೂಟರು ತಂದಿಟ್ಟ ಸಮಸ್ಯೆಯೆಂದು ತಿಳಿಯುವವರುಂಟು. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿಯ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಾಶಾಸ್ತ್ರಿಗಳು. ಆ ಗ್ರಂಥದಲ್ಲಿ ಎರಡು ಮಾತುಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ದಿಕ್ಕಿಲ್ಲದ ಮಕ್ಕಳು, ವೃದ್ಧರು, ರೋಗಿಗಳನ್ನು ರಾಜನು ಪೋಷಿಸಬೇಕೆಂಬುದು ಒಂದು. ಐದೋ ಹತ್ತೋ ಹಳ್ಳಿಗಳಿಗೆ ಒಬ್ಬನಂತೆ ನೇಮಕವಾದ 'ಗೋಪ'ನೆಂಬ ಅಧಿಕಾರಿ ಪ್ರತಿ ಮನೆಯ ಜನಸಂಖ್ಯೆ, ಎಳೆಯರು ಮುದುಕರು, ಕಸುಬು, ಆದಾಯ, ವೆಚ್ಚಗಳನ್ನು ಬರೆದಿಡಬೇಕೆಂಬುದು ಇನ್ನೊಂದು. ಗೋಪನ ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಗೃಹಸ್ಥರ ವೇಷದ ಗೂಢಚಾರರೂ ಇದ್ದರು. ಮುದುಕರ ಪಟ್ಟಿ ಗೋಪನ ಪುಸ್ತಕಕ್ಕೆ ಬಂದದ್ದು ತೆರಿಗೆಗಾಗಿ, ಕಾವಲಿಗಾಗಿ. ಕರುಣೆಗೂ ಪಟ್ಟಿಗೂ ಅಲ್ಲಿ ನೇರ ಸಂಬಂಧವನ್ನು ಹೇಳಿಲ್ಲ. ಇವೆರಡೂ ಒಂದೇ ಕಚೇರಿಯ ಒಂದೇ ಮೇಜಿನ ಮೇಲೆ ಕೂಡಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಅಲ್ಲಿಯವರೆಗೆ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಗೋಪನ ಕೆಲಸ ಮಾಡುತ್ತಿದ್ದವರು ಶಾನುಭೋಗರು. ಬಟ್ಟೆಯ ಪಟ್ಟಿಗೆ ಅಂಟು ಮತ್ತು ಇದ್ದಿಲಪುಡಿಯ ಲೇಪ ಹಚ್ಚಿ, ಒಣಗಿಸಿ, ಬೀಸಣಿಗೆಯಂತೆ ಮಡಿಸಿದ ಕರಿಯ ಪುಸ್ತಕದಲ್ಲಿ ಬಳಪದಿಂದ ಅವರು ಲೆಕ್ಕ ಬರೆಯುತ್ತಿದ್ದರು. ಅದರ ಹೆಸರು ಕಡತ. ಇಂದು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತವೆನ್ನುವುದು ಆ ಬಟ್ಟೆಯ ಪುಸ್ತಕದಿಂದ ಉಳಿದುಬಂದ ಮಾತು. ಕಡತದ ಒಂದು ಗುಣವನ್ನು ನೆನಪಿಡಬೇಕು: ಬಳಪದ ಬರಹವನ್ನು ಒರೆಸಿ ಅದೇ ಜಾಗದಲ್ಲಿ ಬೇರೆ ಬರೆಯಬಹುದಾಗಿತ್ತು. ಅದು ಶಾನುಭೋಗರಿಗೆ ಅನುಕೂಲವೂ ಹೌದು, ಊರಿಗೆ ಅಪಾಯವೂ ಹೌದು. ವಂಶಪಾರಂಪರ್ಯವಾಗಿ ಬಂದ ಹುದ್ದೆ, ಮನೆಯಲ್ಲೇ ಇಟ್ಟುಕೊಂಡ ಲೆಕ್ಕ, ಓದಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು. ಪಟೇಲರಿಗೆ ಅಧಿಕಾರವಿದ್ದರೆ ಶಾನುಭೋಗರಿಗೆ ಮಾಹಿತಿಯಿತ್ತು. ಎರಡರಲ್ಲಿ ಯಾವುದು ದೊಡ್ಡದೆಂದು ಹಳೆಯ ರೈತರನ್ನು ಕೇಳಬೇಕಿತ್ತು. 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಕಡೆಯಲ್ಲಿ ಇದೇ ಕೆಲಸದವರನ್ನು ಕರಣಂ ಎನ್ನುತ್ತಿದ್ದರು. ಹೆಸರು ಬೇರೆ, ರೀತಿ ಒಂದೇ.

ಆದರೆ ಆ ಕಡತದಲ್ಲಿ ಭೂಮಿ, ಕಂದಾಯ, ಬಾಕಿಗಳೇ ಮುಖ್ಯ. ಯಾವ ಮುದುಕಿಗೆ ಹೊತ್ತಿನ ಊಟವಿಲ್ಲ ಎಂಬುದನ್ನು ಬರೆದಿಡುವ ಅಗತ್ಯ ಶಾನುಭೋಗರಿಗೆ ಇರಲಿಲ್ಲ. ಅದು ಊರಿಗೆಲ್ಲ ಗೊತ್ತಿರುವ ಸಂಗತಿ. ಕೇರಿಯವರೋ ಮಠದವರೋ ಒಂದು ಹಿಡಿ ರಾಗಿಹಿಟ್ಟು ಕೊಡುತ್ತಿದ್ದರು, ಅಥವಾ ಕೊಡುತ್ತಿರಲಿಲ್ಲ. ಹಳೆಯ ಹಳ್ಳಿಯಲ್ಲಿ ಬಡವರಿಗೆ ಗುಟ್ಟೆಂಬುದೇ ಇರಲಿಲ್ಲವೆಂದರೂ ಸರಿಯೇ. ಹಳೆಯ ಕಾಲದ ಆತ್ಮೀಯತೆಯನ್ನು ಹೊಗಳುವವರು ಈ ಅಂಶವನ್ನು ಮರೆಯುತ್ತಾರೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗರ, ಪಟೇಲರ ವಂಶದ ಹಕ್ಕು ಕೊನೆಗೊಂಡಿತು. ಅವರ ಜಾಗಕ್ಕೆ ವರ್ಗಾವಣೆಯಾಗುವ ಸರ್ಕಾರಿ ನೌಕರ, ಗ್ರಾಮ ಲೆಕ್ಕಿಗ, ಬಂದ. ಈಗ ಆ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಬದಲಾವಣೆ ನ್ಯಾಯವಾದದ್ದೇ. ಅದರ ಒಂದು ಪರಿಣಾಮವನ್ನು ಮಾತ್ರ ಆಗ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಹೊರಗಿನಿಂದ ಬಂದ ಲೆಕ್ಕಿಗನಿಗೆ ಯಾವ ಮನೆಯ ಅಜ್ಜಿ ಯಾರೆಂದು ಗೊತ್ತಿರುವುದಿಲ್ಲ. ಊರಿನ ನೆನಪು ಹೇಳುತ್ತಿದ್ದುದನ್ನು ಇನ್ನು ಕಾಗದ ಹೇಳಬೇಕಾಯಿತು.

ಆ ಕಾಗದಗಳ ಕಾಲ ಬೇಗನೆ ಬಂತು. ವೃದ್ಧಾಪ್ಯ ವೇತನವನ್ನು 1957ರಲ್ಲಿ ಮೊದಲು ಆರಂಭಿಸಿದ್ದು ಉತ್ತರ ಪ್ರದೇಶ. ಮೈಸೂರು ರಾಜ್ಯದ ವೃದ್ಧಾಪ್ಯ ವೇತನದ ನಿಯಮಗಳು 1964ರವು. ಅಂಗವಿಕಲರಿಗೆ, ನಿರ್ಗತಿಕ ವಿಧವೆಯರಿಗೆ ಮಾಸಾಶನ ಬಂದದ್ದು ಎಪ್ಪತ್ತು, ಎಂಬತ್ತರ ದಶಕಗಳಲ್ಲಿ. ಕೇಂದ್ರ ಸರ್ಕಾರ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭಿಸಿದಾಗ ವೃದ್ಧರಿಗೆ ಅದರ ಪಾಲು ತಿಂಗಳಿಗೆ 75 ರೂಪಾಯಿ. 2007ರಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 400 ರೂಪಾಯಿಯಿಂದ ಶುರುವಾಯಿತು. 2021ರಲ್ಲಿ ಅದು 1,200ಕ್ಕೆ ಏರಿತು.

ಇವೆಲ್ಲವುಗಳ ಹಿಂದೆ ಒಂದು ಪ್ರಶ್ನೆ ಅಡಗಿದೆ: ಮಗ ಅನ್ನ ಹಾಕುತ್ತಾನೆಯೇ? ದೇಶದ ಹಳೆಯ ವೃದ್ಧಾಪ್ಯ ವೇತನಗಳಲ್ಲಿ, ನೋಡಿಕೊಳ್ಳುವ ವಯಸ್ಕ ಮಗ ಇರಬಾರದೆಂಬುದು ಸಾಮಾನ್ಯ ಷರತ್ತು. ಸಂಧ್ಯಾ ಸುರಕ್ಷೆ ಇದನ್ನು ಸ್ವಲ್ಪ ಸಡಿಲಿಸಿ, ಗಂಡುಮಕ್ಕಳಿದ್ದರೂ ಅವರು ಪೋಷಿಸದಿದ್ದರೆ ಅರ್ಹರು ಎಂದಿತು. ಉದ್ದೇಶ ಒಳ್ಳೆಯದು. ಕೇಳುವ ರೀತಿಯನ್ನು ನೋಡಬೇಕು. ಲೆಕ್ಕಿಗ ಮನೆಗೆ ಬರುತ್ತಾನೆ, ಜಗಲಿಯ ಮೇಲೆ ಕೂರುತ್ತಾನೆ. ಸೊಸೆ ಬಾಗಿಲ ಹಿಂದೆಯೇ ನಿಂತಿರುತ್ತಾಳೆ. ಅಕ್ಕಪಕ್ಕದವರು ಮಹಜರಿಗೆ ಸಹಿ ಹಾಕಲು ಬಂದಿರುತ್ತಾರೆ. 'ಮಗ ನೋಡಿಕೊಳ್ಳುತ್ತಾನೆ' ಎಂದರೆ ಮಾಸಾಶನ ತಪ್ಪುತ್ತದೆ. 'ನೋಡಿಕೊಳ್ಳುವುದಿಲ್ಲ' ಎಂದರೆ ಮಗನ ಮಾನ ಬೀದಿಗೆ ಬರುತ್ತದೆ, ಸಂಜೆಯ ಮುದ್ದೆಗೂ ಕುತ್ತು ಬರಬಹುದು. ಹೀಗಿರುವಾಗ ಅನೇಕ ತಾಯಂದಿರು ಬಾಯಿ ಮುಚ್ಚಿಕೊಂಡೇ ಇದ್ದುಬಿಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಅರ್ಜಿಯ ನಮೂನೆಯಲ್ಲಿ ಒಂದು ಸಾಲಿನ ಉತ್ತರ ಬೇಡುವ ಪ್ರಶ್ನೆ ಮನೆಯಲ್ಲಿ ಒಂದು ವರ್ಷದ ಜಗಳವಾಗಬಲ್ಲದು. ಅದನ್ನು ಯಾರ ಎದುರಿಗೆ ಕೇಳಬೇಕು, ಯಾರು ಇರಬಾರದು ಎಂಬುದಕ್ಕೆ ಕಂದಾಯ ಇಲಾಖೆಯಲ್ಲಿ ರೂಢಿಯಾದ ಶಿಸ್ತು ಬೆಳೆದೇ ಇಲ್ಲ. ಜಮೀನಿನ ಹದ್ದು ಗುರುತಿಸುವ ಮಹಜರೂ ಮುದುಕಿಯ ಹಸಿವಿನ ಮಹಜರೂ ಒಂದೇ ತರಹ ನಡೆಯುತ್ತವೆ.

ಬಡವರ ಪಟ್ಟಿಯನ್ನು ಬೀದಿಗೆ ತರುವ ವಿಷಯದಲ್ಲಿ ನಮ್ಮವರು ಒಂಟಿಯಲ್ಲ. ಇಂಗ್ಲೆಂಡಿನ 1697ರ ಕಾಯ್ದೆಯೊಂದು, ಪ್ಯಾರಿಷ್‌ನ ನೆರವು ಪಡೆಯುವ ಬಡವರು ಬಟ್ಟೆಯ ಭುಜದ ಮೇಲೆ 'ಪಿ' ಎಂಬ ಅಕ್ಷರವನ್ನೂ ಊರಿನ ಮೊದಲಕ್ಷರವನ್ನೂ ಹೊಲಿದುಕೊಳ್ಳಬೇಕೆಂದು ವಿಧಿಸಿತ್ತು. ಅದು ರದ್ದಾದದ್ದು 1810ರಲ್ಲಿ. ಅದೇ ದೇಶದಲ್ಲಿ 1997ರಲ್ಲಿ ಫಿಯೋನಾ ಕಾಲ್ಡಿಕಾಟ್ ಎಂಬ ವೈದ್ಯೆಯ ನೇತೃತ್ವದ ಸಮಿತಿ, ರೋಗಿಯ ಮಾಹಿತಿಯನ್ನು ಯಾರಿಗೆ ಎಷ್ಟು ಬೇಕೋ ಅಷ್ಟೇ ತೋರಿಸಬೇಕೆಂಬ ಸೂತ್ರಗಳನ್ನು ಹಾಕಿಕೊಟ್ಟಿತು. ಅದನ್ನು ಕಾಯಲು ಪ್ರತಿ ಆಸ್ಪತ್ರೆಯಲ್ಲೂ ಒಬ್ಬ ಹಿರಿಯ ಅಧಿಕಾರಿಯ ನೇಮಕವಾಯಿತು. 2002ರಲ್ಲಿ ವೃದ್ಧರ, ಅಂಗವಿಕಲರ ಆರೈಕೆ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಗಳಿಗೂ ಈ ಏರ್ಪಾಟು ಬಂತು. ಗುಟ್ಟು ಕಾಯುವುದಕ್ಕೆಂದೇ ಹೆಸರು ಹಿಡಿದು ಒಬ್ಬರನ್ನು ಹೊಣೆ ಮಾಡುವುದು ಆ ವ್ಯವಸ್ಥೆಯ ತಿರುಳು. ಇಲ್ಲಿ ನಾಡಕಚೇರಿಯಲ್ಲಿ ಅರ್ಜಿ ವಿಲೇವಾರಿಗೆ ಹೊಣೆಗಾರರಿದ್ದಾರೆ, ಸಕಾಲ ಕಾಯ್ದೆಯ ಗಡುವೂ ಇದೆ. ಅರ್ಜಿದಾರಳ ಗುಟ್ಟಿಗೆ ಹಾಗೆ ಹೆಸರಿಟ್ಟ ಹೊಣೆಗಾರರಿಲ್ಲ.

ಇಷ್ಟಾದ ಮೇಲೆ ಎಲ್ಲವನ್ನೂ ಮುಚ್ಚಿಡಬೇಕೆಂಬ ತೀರ್ಮಾನಕ್ಕೆ ಬಂದರೆ ಅದೂ ಪೂರ್ತಿ ಸರಿಯಾಗದು. ಮಾಸಾಶನ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅಂಚೆಯವನು ಬಂದದ್ದು ಕೇರಿಗೆಲ್ಲ ಗೊತ್ತಾಗುತ್ತಿತ್ತು. ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲೊಬ್ಬ ಸಾಕ್ಷಿ. ಹಣ ಬಂದ ಸುದ್ದಿ ಬಯಲಾಗುತ್ತಿದ್ದುದರಿಂದಲೇ ಬಾರದಿದ್ದಾಗ 'ಯಾಕೆ ಬರಲಿಲ್ಲ' ಎಂದು ಕೇಳುವವರೂ ಇರುತ್ತಿದ್ದರು. ಫಲಾನುಭವಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು, ಪಂಚಾಯಿತಿಯ ಫಲಕದಲ್ಲಿ ಹಾಕಬೇಕು ಎಂಬ ನಿಯಮಗಳ ಹಿಂದೆಯೂ ಇದೇ ಅನುಭವವಿದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ನಡೆಸಿದ ಜನರ ವಿಚಾರಣೆಗಳಲ್ಲಿ ಸರ್ಕಾರಿ ಹಾಜರಿ ಪಟ್ಟಿಗಳನ್ನು ಊರಿನ ಮುಂದೆ ಗಟ್ಟಿಯಾಗಿ ಓದಿದಾಗ, ಕೆಲಸ ಮಾಡದವರ ಹಾಗೂ ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಹೊರಬಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆ ಆ ಹೋರಾಟದ ಫಲಗಳಲ್ಲೊಂದು. ಸಹಾಯಧನ ಪಡೆಯುವವರ ವಿವರವನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕೆಂದು ಅದರ 4ನೆಯ ಕಲಮು ಹೇಳುತ್ತದೆ.

ಪಟ್ಟಿ ಮುಚ್ಚಿದ್ದರೆ ಮೋಸಗಾರನಿಗೆ ಲಾಭ, ತೆರೆದಿದ್ದರೆ ಮುದುಕಿಗೆ ಸಂಕೋಚ. ಈ ತೊಡಕನ್ನು ಬಿಡಿಸಬೇಕಾದರೆ ಪಟ್ಟಿಯಲ್ಲಿ ಎರಡು ಬಗೆಯ ಮಾಹಿತಿ ಕಲಸಿಹೋಗಿದೆ ಎಂಬುದನ್ನು ಮೊದಲು ಕಾಣಬೇಕು. ಯಾರಿಗೆ, ಎಷ್ಟು, ಯಾವ ತಿಂಗಳು ಕೊಟ್ಟರು, ಯಾರ ಅರ್ಜಿಯನ್ನು ಯಾಕೆ ತಿರಸ್ಕರಿಸಿದರು, ಆದೇಶ ಯಾರದು, ಇದೆಲ್ಲ ಕಚೇರಿ ಮಾಡಿದ ಕೆಲಸ. ಅದು ಬಯಲಿನಲ್ಲಿರಬೇಕು. ಖಾತೆಯ ಸಂಖ್ಯೆ, ಆಧಾರ್, ರೋಗ, ಊನ, ಮಗನ ನಡತೆ ಅವಳ ಬದುಕಿಗೆ ಸೇರಿದವು. ನಮ್ಮ ಆಡಳಿತ ಬಹುಕಾಲ ಎರಡನೆಯದನ್ನು ಧಾರಾಳವಾಗಿ ಹಂಚಿ, ಮೊದಲನೆಯದನ್ನು ಕೇಳಿದಾಗ ಕೈ ಬಿಗಿಹಿಡಿದಿದೆ.

ಹೆಸರು ಮತ್ತು ಮೊತ್ತ ಮಾತ್ರ ಪ್ರಕಟಿಸಿದರೂ ಅಪಾಯ ತಪ್ಪದ ಪಟ್ಟಿಗಳೂ ಇವೆ. ಅವಿವಾಹಿತ ಹಾಗೂ ವಿಚ್ಛೇದಿತ ಮಹಿಳೆಯರಿಗಾಗಿ 2013ರಲ್ಲಿ ಬಂದ 'ಮನಸ್ವಿನಿ', ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಬಂದ 'ಮೈತ್ರಿ' ಯೋಜನೆಗಳಲ್ಲಿ ಯೋಜನೆಯ ಹೆಸರೇ ವ್ಯಕ್ತಿಯ ಬದುಕನ್ನು ಹೇಳಿಬಿಡುತ್ತದೆ. ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಗೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳು, ಒಂಟಿಯಾಗಿ ವಾಸಿಸುವ ವೃದ್ಧರ ಪಟ್ಟಿಯನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕೆನ್ನುತ್ತವೆ. ಕಾವಲಿಗೆ ಬೇಕಾದ ಪಟ್ಟಿ; ಕಳ್ಳನ ಕೈಗೆ ಸಿಕ್ಕರೂ ಅಷ್ಟೇ ಉಪಯೋಗಕ್ಕೆ ಬರುವಂಥದು.

ವಯಸ್ಸಿನ ಮಾತು ಬೇರೆಯೇ ಒಂದು ಕಥೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಈಗ ಅರವತ್ತೈದು ದಾಟಿದ ಹಳ್ಳಿಗರು ಅದಕ್ಕೂ ಮೊದಲು ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತದವರಿಗೆ ಹುಟ್ಟಿದ ದಿನಕ್ಕೆ ಸಾಕ್ಷಿಯೆಂದರೆ ಒಂದು ಬರಗಾಲ, ಒಂದು ಜಾತ್ರೆ. ಆಧಾರ್ ಚೀಟಿಗಳಲ್ಲಿ ಹಿರಿಯರ ಜನ್ಮದಿನ ಜನವರಿ 1 ಎಂದಿರುವುದನ್ನು ಎಲ್ಲರೂ ಕಂಡಿದ್ದಾರೆ. ಅಂದಾಜಿಗೆ ಹಾಕಿದ ಆ ಅಂಕಿ ಪಡಿತರ ಚೀಟಿಯ ಅಂಕಿಗೆ, ಮತದಾರರ ಪಟ್ಟಿಯ ಅಂಕಿಗೆ ಹೊಂದದೆಹೋದರೆ ಸುಳ್ಳುಗಾರ್ತಿಯಾಗುವವಳು ಅಜ್ಜಿ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ನಿದರ್ಶನವುಂಟು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಕಾಗದವಿಲ್ಲದ ಕಡೆ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದನ್ನೂ ಪುರಾವೆಯೆಂದು ಒಪ್ಪುತ್ತವೆ. ಆ ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ದೊರೆತವು. ಕಾಡಿನ ಹಕ್ಕಿಗೆ ಮುದುಕರ ಮಾತು ಸಾಕ್ಷಿಯಾಗಬಲ್ಲದು, ಅವರದೇ ವಯಸ್ಸಿಗೆ ಆಗಲಾರದು ಎಂಬುದು ವಿಚಿತ್ರವಾಗಿ ಕಾಣುತ್ತದೆ.

ಮನಿಯಾರ್ಡರು ಹೋಗಿ ಬ್ಯಾಂಕು ಬಂದಿತು, ಕೈಬರಹದ ದಾಖಲೆ ಹೋಗಿ ಕಂಪ್ಯೂಟರು ಬಂದಿತು. ಲಾಭವಾಗಿಲ್ಲವೆಂದು ಹೇಳಲಾಗದು. ಅಂಚೆಯವನಿಗೆ 'ಕಾಫಿಗೆ' ಕೊಡುವ ಹತ್ತು ರೂಪಾಯಿ ಉಳಿಯಿತು. ಅರವತ್ತು ತುಂಬಿದ ಬಡವರನ್ನು ಸರ್ಕಾರವೇ ಪಟ್ಟಿಗಳಲ್ಲಿ ಹುಡುಕಿ, ಗ್ರಾಮ ಲೆಕ್ಕಿಗನ ಮೂಲಕ 'ನವೋದಯ' ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಿ, ಮನೆ ಬಾಗಿಲಿಗೆ ಮಾಸಾಶನ ಕೊಡುವ ಪ್ರಯತ್ನವೂ 2021ರಲ್ಲಿ ಆರಂಭವಾಯಿತು. ಅರ್ಜಿಗಾಗಿ ಅಲೆಯುವ ಕಷ್ಟ ಇದರಿಂದ ಕಡಿಮೆಯಾಗುವುದು ನಿಜ. ಆದರೆ ಹುಡುಕಿ ಕೊಡಬಲ್ಲ ಪಟ್ಟಿಯೇ ಹುಡುಕಿ ತೆಗೆದುಹಾಕಲೂ ಬಲ್ಲದು. ಯಾವುದೋ ದಾಖಲೆಯಲ್ಲಿ ವರಮಾನ ಹೆಚ್ಚೆಂದಿದ್ದರೆ, ಹೆಸರಿನ ಒಂದಕ್ಷರ ತಪ್ಪಿದ್ದರೆ ಹಣ ನಿಲ್ಲುತ್ತದೆ. ನಿಂತದ್ದು ಯಾಕೆಂದು ಬ್ಯಾಂಕಿನವರಿಗೆ ತಿಳಿಯದು, ಲೆಕ್ಕಿಗನ ಕೈಯಲ್ಲೂ ಉತ್ತರವಿರುವುದಿಲ್ಲ. ಹೊಲ ಮನೆ ಗೈದು ರೇಖೆ ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸದಿದ್ದರೆ ಸಾಕ್ಷಿ ಹೇಳುವ ಪಕ್ಕದ ಮನೆಯವನೂ ಈಗಿಲ್ಲ.

ಸೋರಿಕೆಯ ಪ್ರಮಾಣವೂ ಬದಲಾಗಿದೆ. ಶಾನುಭೋಗರ ಕಡತ ಕಳೆದರೆ ಒಂದು ಊರಿನ ಲೆಕ್ಕ ಹೋಗುತ್ತಿತ್ತು. 2017ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ಸಾಮಾಜಿಕ ಭದ್ರತಾ ಇಲಾಖೆಯ ತಾಣದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪಿಂಚಣಿದಾರರ ಆಧಾರ್ ಸಂಖ್ಯೆ ಮತ್ತು ಖಾತೆಯ ವಿವರಗಳು ಯಾರು ಬೇಕಾದರೂ ನೋಡುವಂತೆ ತೆರೆದುಕೊಂಡವು. ಮರುತಿಂಗಳು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ವರದಿ ನಾಲ್ಕು ಸರ್ಕಾರಿ ತಾಣಗಳನ್ನು ಪರಿಶೀಲಿಸಿ, 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಹೊರಗೆ ಕಾಣುವಂತಿದ್ದಿರಬಹುದೆಂದು ಅಂದಾಜು ಮಾಡಿತು. ಅವುಗಳಲ್ಲಿ ಒಂದು, 1995ರಲ್ಲಿ ಆರಂಭವಾದ ಅದೇ ಸಾಮಾಜಿಕ ನೆರವು ಕಾರ್ಯಕ್ರಮದ ತಾಣ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸಬಾರದೆಂದು 2016ರ ಆಧಾರ್ ಕಾಯ್ದೆ ಆಗಲೇ ಹೇಳಿತ್ತು. ಈ ಸೋರಿಕೆಯಲ್ಲಿ ಕಳ್ಳರ ಪಾತ್ರವೇನೂ ಬೇಕಾಗಿರಲಿಲ್ಲ. ಪಾರದರ್ಶಕತೆಯ ಹೆಸರಿನಲ್ಲಿ ಕಚೇರಿಗಳೇ ಪಟ್ಟಿಗಳನ್ನು ಇಡಿಯಾಗಿ ಹಾಕಿದ್ದವು.

ಖಾಸಗಿತನದ ಬಗ್ಗೆ ದೇಶ ಇಂದು ಮಾತಾಡುವ ಭಾಷೆಯನ್ನು ತಂದುಕೊಟ್ಟವರು ಕರ್ನಾಟಕದ ಒಬ್ಬ ವೃದ್ಧರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. 2018ರ ಸೆಪ್ಟೆಂಬರ್ 26ರ ಇನ್ನೊಂದು ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಬಹುಮತದಿಂದ ಎತ್ತಿಹಿಡಿದು, ಖಾಸಗಿ ಕಂಪನಿಗಳು ಕೇಳುವುದಕ್ಕೆ ತಡೆಹಾಕಿತು. ಬೇಡವೆನ್ನುವ ಹಕ್ಕು ಮೊಬೈಲು ಕೊಳ್ಳುವವನಿಗೆ ಸಿಕ್ಕಿತು, ಮಾಸಾಶನ ಬೇಡುವವಳಿಗೆ ಸಿಗಲಿಲ್ಲ. ಪುಟ್ಟಸ್ವಾಮಿಯವರು 2024ರಲ್ಲಿ ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ತೀರ್ಪಿನ ಬೆನ್ನಲ್ಲೇ ನಡೆದ ಚರ್ಚೆಯಿಂದ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಸವಲತ್ತು ನೀಡುವುದಕ್ಕಾಗಿ ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳದೆಯೂ ಮಾಹಿತಿ ಬಳಸಿಕೊಳ್ಳಲು ಕಾಯ್ದೆ ಅವಕಾಶ ಕೊಟ್ಟಿದೆ. ತನ್ನ ಮಾಹಿತಿಯನ್ನು ನೋಡುವ, ತಿದ್ದಿಸುವ ಹಕ್ಕನ್ನು ಹೇಳುವ ಕಲಮುಗಳು ಒಪ್ಪಿಗೆ ಕೊಟ್ಟವರ ಮಾತನ್ನೇ ಆಡುತ್ತವೆ. ಒಪ್ಪಿಗೆ ಕೇಳಿಸಿಕೊಳ್ಳದ ಪಿಂಚಣಿದಾರಳ ಹಕ್ಕು ಅಷ್ಟು ಸ್ಪಷ್ಟವಾಗಿಲ್ಲ. ಇದೇ ಕಾಯ್ದೆ ಮಾಹಿತಿ ಹಕ್ಕಿನ 8ನೆಯ ಕಲಮನ್ನೂ ತಿದ್ದಿತು. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಹಿಂದೆ ಇದ್ದ ಷರತ್ತುಗಳು ಹೋಗಿ, ವೈಯಕ್ತಿಕವಾದದ್ದೆಂಬ ಕಾರಣವೊಂದೇ ಸಾಕೆಂಬಂತಾಯಿತು. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಬಹುದೆಂಬ ಇನ್ನೊಂದು ಉಪಕಲಮು ಉಳಿದಿದೆ, 4ನೆಯ ಕಲಮೂ ಉಳಿದಿದೆ. ಆದರೂ ಫಲಾನುಭವಿಗಳ ಪಟ್ಟಿ ಕೇಳಿದವರಿಗೆ 'ಅದು ವೈಯಕ್ತಿಕ' ಎಂದು ಬಾಗಿಲು ಹಾಕುವುದು ಸುಲಭವಾದೀತೆಂದು ಮಾಹಿತಿ ಹಕ್ಕಿನ ಹೋರಾಟಗಾರರು ಆಕ್ಷೇಪಿಸಿದ್ದಾರೆ. ಆಕ್ಷೇಪದಲ್ಲಿ ಹುರುಳಿದೆ. ಬಡವಿಯ ಗುಟ್ಟು ಕಾಯುವ ಹೆಸರಿನಲ್ಲಿ ಕಚೇರಿಯ ಗುಟ್ಟು ಕಾಯುವಂತಾದರೆ ಶಾನುಭೋಗರ ಕಾಲವೇ ಬೇರೆ ವೇಷದಲ್ಲಿ ಮರಳಿದಂತೆ.

ಸದ್ಯಕ್ಕೆ ಮಾಸಾಶನ ನಿಂತ ಹಿರಿಯರಿಗೆ ನೆರವಾಗುವುದು ಹಳೆಯ ಕಾಯ್ದೆಯ ಎರಡು ಪುಟ್ಟ ಅಂಶಗಳು. ತನ್ನದೇ ಕಡತದ ಪ್ರತಿಯನ್ನು ತಾನೇ ಕೇಳುವವಳಿಗೆ ಅದು ಮತ್ತೊಬ್ಬರ ಖಾಸಗಿ ವಿಷಯವೆಂದು ಹೇಳಲಾಗದು. ಬಡತನ ರೇಖೆಗಿಂತ ಕೆಳಗಿನವರು ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಕೊಡಬೇಕಿಲ್ಲ. ಬರೆಯಲು ಬಾರದವರು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು 6ನೆಯ ಕಲಮು ಹೇಳುತ್ತದೆ. ಉತ್ತರಕ್ಕೆ ಗಡುವು 30 ದಿನ.